ಸಿಮೆಂಟ್ ಸೀಮೆಯ ಗಾಡಿಗಳಿಗೆ ಯಾವ ಇಂಧನ?

ಬದಲಿ ಇಂಧನದ ಮಾತು ಬಂತೆಂದರೆ ನಮ್ಮ ಕಡೆ ಅದು ಬ್ಯಾಟರಿ ಸ್ಕೂಟರಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಎಷ್ಟು ಓಡ್ತದ, ಎಷ್ಟೊತ್ತು ಚಾರ್ಜ್ ಇಡಬೇಕು, ನಡುದಾರ್ಯಾಗ ನಿಂತ್ರ ಹ್ಯಾಂಗ ಎಂದು ಮೂರು ಪ್ರಶ್ನೆ ಕೇಳಿ, ಮೂರಕ್ಕೂ ತಲೆಯಾಡಿಸಿ, ಜನ ಮತ್ತೆ ಪೆಟ್ರೋಲ್ ಬಂಕಿನ ಕಡೆಗೇ ಗಾಡಿ ತಿರುಗಿಸುತ್ತಾರೆ. ಅಷ್ಟು ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಸಿಮೆಂಟ್ ಲಾರಿ, ಬಲ್ಕರ್ ಟ್ಯಾಂಕರು, ಫರ್ಸಿ ಕಲ್ಲು ಹೇರಿಕೊಂಡ ಟ್ರ್ಯಾಕ್ಟರು ಸಾಲುಗಟ್ಟಿ ಹಾದುಹೋಗಿರುತ್ತವೆ. ಅವುಗಳ ಹೊಟ್ಟೆಗೆ ಏನು ಹಾಕಬೇಕು ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಕೇಂದ್ರದ ಬೃಹತ್ ಕೈಗಾರಿಕಾ ಸಚಿವಾಲಯ ಕೊಟ್ಟ ಅಂಕಿ ಪ್ರಕಾರ ದೇಶದ ಒಟ್ಟು ವಾಹನಗಳಲ್ಲಿ ಡೀಸೆಲ್ ಟ್ರಕ್ಕುಗಳ ಪಾಲು ಶೇ. 3, ಸಾರಿಗೆಯಿಂದ ಹೊಮ್ಮುವ ಹಸಿರುಮನೆ ಅನಿಲದಲ್ಲಿ ಅವುಗಳ ಪಾಲು ಶೇ. 42. ಇದು ಇಡೀ ದೇಶದ ಸರಾಸರಿ. ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯ ಸುತ್ತಳತೆಯಲ್ಲಿ ಕಣ್ಣಿಗೆ ಕಾಣುವುದೇ ಲಾರಿ. ಭೀಮಾ ಮತ್ತು ಕಾಗಿಣಾ ನದಿಗಳ ಈ ಸೀಮೆಯ ಅಡಿಯಲ್ಲಿ ಇರುವುದೆಲ್ಲ ಸುಣ್ಣಕಲ್ಲು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಬಂತು. ಶಹಾಬಾದಿನಲ್ಲಿ ಸಿಮೆಂಟ್ ಅದಕ್ಕಿಂತ ಹಳೆಯದು. ಆಮೇಲೆ ರಾಷ್ಟ್ರಕೂಟರ ಮಳಖೇಡದ ಪಕ್ಕದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಚಿಂಚೋಳಿ ತಾಲ್ಲೂಕಿನ ಕಲ್ಲೂರು ಮತ್ತು ಛತ್ರಸಾಲದಲ್ಲಿ ಇನ್ನೆರಡು. ಇಷ್ಟು ಸಿಮೆಂಟು ಊರು ಬಿಟ್ಟು ಹೋಗಬೇಕಲ್ಲ, ಡೀಸೆಲ್ಲೇ ಅದನ್ನು ಹೊತ್ತು ಹೋಗುತ್ತದೆ.

ಪೂರ್ತಿ ಡೀಸೆಲ್ಲೇ ಎಂದರೆ ತಪ್ಪಾದೀತು. ಬದಲಿ ಇಂಧನ ಎಲ್ಲೋ ಬೆಂಗಳೂರಿನಲ್ಲಿ ಇದೆ ಎಂದುಕೊಂಡವರು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡಬೇಕು. ಮುಂಬೈ ಕಡೆಯ ಜಿಐಪಿ ಕಂಪನಿಯ ರೈಲು ಹಳಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ಕಲ್ಲಿದ್ದಲ ಉಗಿ ಎಂಜಿನ್ನು ಹೋಗಿ ಡೀಸೆಲ್ ಬಂದದ್ದನ್ನು ನೋಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈಗ ಸೋಲಾಪುರ, ಗುಂತಕಲ್, ಸಿಕಂದರಾಬಾದ್ ಮೂರೂ ದಿಕ್ಕಿನ ಹಳಿಗಳ ಮೇಲೆ 25 ಸಾವಿರ ವೋಲ್ಟಿನ ತಂತಿ ಹಾದಿದೆ. ಗದ್ದಲವಿಲ್ಲದೆ, ಯಾವ ಭಾಷಣವೂ ಇಲ್ಲದೆ ಡೀಸೆಲ್ ಎಂಜಿನ್ನು ಪಕ್ಕಕ್ಕೆ ಸರಿಯಿತು. ಒಂದು ಗೂಡ್ಸ್ ರೇಕಿನಲ್ಲಿ ಎರಡೂವರೆ ಸಾವಿರ ಟನ್ನಿಗೂ ಮೇಲೆ ಸಿಮೆಂಟು ಹೋಗುತ್ತದೆ. ಅದೇ ಹೊರೆಗೆ ಅರವತ್ತು ಎಪ್ಪತ್ತು ದೊಡ್ಡ ಲಾರಿ ಬೇಕು. ಚಕ್ರವೂ ಉಕ್ಕು, ಹಾದಿಯೂ ಉಕ್ಕು ಆದ್ದರಿಂದ ತಿಕ್ಕಾಟ ಕಡಿಮೆ. ಟನ್ ಲೆಕ್ಕದಲ್ಲಿ ರಸ್ತೆಗೆ ಬೇಕಾಗುವ ಶಕ್ತಿಯ ಸಣ್ಣ ಪಾಲಿನಲ್ಲೇ ರೈಲು ಕೆಲಸ ಮುಗಿಸುತ್ತದೆ. ಬ್ಯಾಟರಿ ಹೊರುವ ಗೋಜೂ ಇಲ್ಲ, ಕರೆಂಟು ತಲೆಯ ಮೇಲಿನ ತಂತಿಯಲ್ಲೇ ಇದೆ.

ಹಾಗಾಗಿ ಸಿಮೆಂಟ್ ಸೀಮೆಯ ಮೊದಲ ಬದಲಿ ಇಂಧನ ರೈಲು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲವೂ ವಾಡಿ–ಸಿಕಂದರಾಬಾದ್ ಹಾದಿಯ ಮೇಲೇ ಇವೆ. ಹುಬ್ಬಳ್ಳಿ ಕಡೆಗೆ ಹೋಗುವ ಸರಕು ಮಾತ್ರ ಇಂದಿಗೂ ಸುತ್ತಿ ಬಳಸಿ ಹೋಗಬೇಕು. ಅದಕ್ಕೆಂದೇ ಇರುವುದು ಗದಗ–ವಾಡಿ ಹೊಸ ಮಾರ್ಗ. ತಳಕಲ್‌ನಿಂದ ಕುಷ್ಟಗಿವರೆಗಿನ ತುಂಡು 2025ರ ಮೇ ತಿಂಗಳಲ್ಲಿ ತೆರೆಯಿತು. ಸುರಪುರ, ಶಹಾಪುರ ದಾಟಿ ವಾಡಿಗೆ ಬಂದು ಸೇರುವ ದಿನ ಎಷ್ಟು ಲಾರಿ ರಸ್ತೆಯಿಂದ ಇಳಿಯುತ್ತವೆ ಎಂಬುದನ್ನು ಯಾವ ಎಲೆಕ್ಟ್ರಿಕ್ ವಾಹನ ನೀತಿಯ ಪುಸ್ತಕದಲ್ಲೂ ಬರೆದಿಲ್ಲ. ಬರೆಯಬೇಕಿತ್ತು.

ಆದರೆ ರೈಲು ಅಂಗಡಿ ಬಾಗಿಲಿಗೆ ಬರುವುದಿಲ್ಲ. ಚಿಂಚೋಳಿ ಪಟ್ಟಣಕ್ಕಂತೂ ಇಂದಿಗೂ ರೈಲಿಲ್ಲ. ಲಾರಿ ಬೇಕೇ ಬೇಕು. ಡೀಸೆಲನ್ನು ಇಷ್ಟು ಗಟ್ಟಿಯಾಗಿ ಕೂರಿಸಿದ್ದು ಏನು ಎಂಬುದನ್ನು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಎಂಜಿನ್ನು ಅದರಲ್ಲಿ ಮೂರೂವರೆ ನಾಲ್ಕು ಯೂನಿಟ್ಟನ್ನು ಚಕ್ರಕ್ಕೆ ತಲುಪಿಸಿ ಉಳಿದದ್ದನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ. ಇವತ್ತಿನ ಟ್ರಕ್ಕುಗಳಲ್ಲಿ ಬಳಸುವ ಲಿಥಿಯಂ ಬ್ಯಾಟರಿಯಲ್ಲಿ ಪೆಟ್ಟಿಗೆ, ತಂಪುಕೊಳವೆ ಎಲ್ಲ ಸೇರಿ ಕಿಲೋಗೆ ಒಂದು ಯೂನಿಟ್ಟಿನ ಏಳನೇ ಒಂದು ಭಾಗ ಹಿಡಿದರೆ ಹೆಚ್ಚು. ಮೋಟರು ಹೆಚ್ಚು ಪೋಲು ಮಾಡುವುದಿಲ್ಲ, ನಿಜ. ಆದರೂ ಒಂದು ಲೀಟರ್ ಡೀಸೆಲ್ ಮಾಡುವ ಕೆಲಸಕ್ಕೆ ಇಪ್ಪತ್ತೈದು ಮೂವತ್ತು ಕಿಲೋ ಬ್ಯಾಟರಿ ಹೊರಬೇಕು. 55 ಟನ್ನಿನ ದೊಡ್ಡ ಲಾರಿಗೆ 300 ಯೂನಿಟ್ಟಿನ ಬ್ಯಾಟರಿ ಎಂದರೆ ಎರಡು ಟನ್ ತೂಕ. ಅಷ್ಟರಲ್ಲಿ ಓಡುವುದು 150–200 ಕಿ.ಮೀ. ಮುಂಬೈಗೆ, ಬೆಂಗಳೂರಿಗೆ ಸಿಮೆಂಟ್ ಹೊರುವ ಲಾರಿಗೆ ಇದು ಹೊಂದುವುದಿಲ್ಲ ಎಂದು ಮುಖಕ್ಕೆ ಹೇಳಿಬಿಡುವುದೇ ಒಳ್ಳೆಯದು.

ಕಲಬುರಗಿಗೆ, ಯಾದಗಿರಿಗೆ, ತಾಂಡೂರಿಗೆ, ಹೈದರಾಬಾದಿಗೆ ಹೋಗುವ ಲಾರಿಗೆ ಹೊಂದುತ್ತದೆ. ಗಣಿಯಿಂದ ಕ್ರಷರಿಗೆ ದಿನವಿಡೀ ಅದೇ ಹಾದಿಯಲ್ಲಿ ಓಡಾಡುವ ಟಿಪ್ಪರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಸೇಡಂನಿಂದ ಹೈದರಾಬಾದು ನೂರೈವತ್ತು ಕಿ.ಮೀ. ಆಸುಪಾಸು. ಅಲ್ಲೊಂದು ಚಾರ್ಜಿಂಗ್, ಇಲ್ಲೊಂದು ಚಾರ್ಜಿಂಗ್, ಅಷ್ಟೇ ಬೇಕಾದದ್ದು.

ಇಲ್ಲಿನ ಚಾರ್ಜಿಂಗಿಗೆ ಜಾಗ ಹುಡುಕಬೇಕಾಗಿಲ್ಲ. ಯಾವುದೇ ಸಿಮೆಂಟ್ ಕಾರ್ಖಾನೆಯ ಲಾರಿ ಯಾರ್ಡಿಗೆ ಹೋಗಿ ನೋಡಿ. ಟೋಕನ್ ಹಿಡಿದು ನಂಬರಿಗಾಗಿ ಕಾಯುತ್ತಿರುವ ಲಾರಿಗಳ ಸಾಲು. ಗಾಡಿಯ ನೆರಳಿನಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟ ಕ್ಲೀನರು. ಕ್ಯಾಬಿನ್ನಿನ ಬಾಗಿಲಿಗೆ ಟವೆಲ್ ಕಟ್ಟಿ ಬಿಸಿಲು ತಡೆದು ಮಲಗಿದ ಡ್ರೈವರು. ಗಾಜಿನ ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ಬೂದು ದೂಳು. ಲಾರಿಯವರ ಆಯುಷ್ಯದಲ್ಲಿ ದೊಡ್ಡ ಪಾಲು ಈ ಕಾಯುವಿಕೆಯಲ್ಲೇ ಕಳೆಯುತ್ತದೆ. ದೊಡ್ಡ ಚಾರ್ಜರಿನಲ್ಲಿ ಟ್ರಕ್ಕಿನ ಬ್ಯಾಟರಿ ತುಂಬಲು ಒಂದೂವರೆ ಎರಡು ತಾಸು ಹಿಡಿಯುತ್ತದೆ ಎಂಬುದು ಎಲೆಕ್ಟ್ರಿಕ್ ಲಾರಿಯ ಮೇಲಿರುವ ದೊಡ್ಡ ದೂರು. ಆ ಎರಡು ತಾಸು ನಮ್ಮ ಯಾರ್ಡಿನಲ್ಲಿ ಈಗಾಗಲೇ ವ್ಯರ್ಥವಾಗುತ್ತಿದೆ. ದೂರಿಗೆ ಇಷ್ಟು ಸುಲಭದ ಉತ್ತರ ಬೇರೆ ಯಾವ ಉದ್ಯಮದಲ್ಲೂ ಇರಲಾರದು.

ಖರ್ಚು ನೋಡೋಣ. ಹೋಗುವಾಗ ತುಂಬಿ ಬರುವಾಗ ಖಾಲಿ ಎಂಬ ಸರಾಸರಿಯಲ್ಲಿ ಡೀಸೆಲ್ ಲಾರಿ ಲೀಟರಿಗೆ ಮೂರು ಕಿ.ಮೀ. ಕೊಟ್ಟರೆ, ಡೀಸೆಲ್ ತೊಂಬತ್ತು ರೂಪಾಯಿಯ ಲೆಕ್ಕದಲ್ಲಿ ಕಿ.ಮೀ.ಗೆ 30 ರೂ. ವಿದ್ಯುತ್ ಲಾರಿಗೆ ಕಿ.ಮೀ.ಗೆ ಸುಮಾರು ಒಂದೂವರೆ ಯೂನಿಟ್. ಯೂನಿಟ್ಟಿಗೆ 8 ರೂ. ಹಿಡಿದರೂ 12 ರೂ. ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ. ತೊಡಕಿರುವುದು ಲಾರಿಯ ಬೆಲೆಯಲ್ಲಿ. ಡೀಸೆಲ್ ಲಾರಿಯ ಎರಡು ಮೂರು ಪಟ್ಟು ಹಣ ಮೊದಲೇ ಸುರಿಯಬೇಕು. ಫೈನಾನ್ಸಿನ ಕಂತು ಕಟ್ಟಲು ತಿಂಗಳಿಗೆ ಎಷ್ಟು ಟ್ರಿಪ್ ಆಯಿತೆಂದು ಎಣಿಸುವ ಒಂದು ಲಾರಿಯ ಮಾಲೀಕನಿಗೆ ಕೋಟಿಯ ಮಾತು ಆಡಿದರೆ ಆತ ನಗುತ್ತಾನೆ. ಕೇಂದ್ರ ಸರ್ಕಾರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಟ್ರಕ್ಕಿಗೆಂದೇ 500 ಕೋಟಿ ರೂ. ತೆಗೆದಿಟ್ಟಿದೆ, ಒಂದು ಟ್ರಕ್ಕಿಗೆ ಹೆಚ್ಚೆಂದರೆ 9.6 ಲಕ್ಷ ರೂ. ಹಳೆಯ ಟ್ರಕ್ಕನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ದೇಶಕ್ಕೆಲ್ಲ ಸೇರಿ 5,600 ಟ್ರಕ್ಕಿನ ಗುರಿ. ಸಿಮೆಂಟ್ ಉದ್ಯಮಕ್ಕೂ ಇದರಿಂದ ಲಾಭ ಎಂದು ಸಚಿವಾಲಯವೇ ಹೇಳಿದೆ. ಆದರೂ ಈ ಹಣ ದೊಡ್ಡ ಸಾರಿಗೆ ಕಂಪನಿಗಳ ಬಾಗಿಲಿಗೆ ಹೋಗುವಷ್ಟು ಸಲೀಸಾಗಿ ಶಹಾಬಾದಿನ ಒಂಟಿ ಲಾರಿಯವನ ಬಾಗಿಲಿಗೆ ಬರುವುದಿಲ್ಲ.

ಇಷ್ಟು ಹೊತ್ತೂ ಹೇಳದೆ ಬಿಟ್ಟ ಒಂದು ಅಹಿತಕರ ಲೆಕ್ಕ ಇದೆ. ಆ ಕರೆಂಟು ಬರುವುದು ಎಲ್ಲಿಂದ? ನಮಗೆ ಹತ್ತಿರದ ದೊಡ್ಡ ಕರೆಂಟ್ ಕಾರ್ಖಾನೆ ಎಂದರೆ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ, 1,720 ಮೆಗಾವಾಟ್. ಅದರ ಪಕ್ಕದಲ್ಲೇ ಯರಮರಸ್‌ನ 1,600 ಮೆಗಾವಾಟ್. ಎರಡೂ ಕಲ್ಲಿದ್ದಲು ಉರಿಸುತ್ತವೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ. ಈಗ ಕೂಡಿ ಕಳೆಯಿರಿ: ಡೀಸೆಲ್ ಲಾರಿ ಕಿ.ಮೀ.ಗೆ 0.9 ಕಿಲೋ ಉಗುಳಿದರೆ, ಬರೀ ಕಲ್ಲಿದ್ದಲ ಕರೆಂಟಿನಲ್ಲಿ ಓಡುವ ಲಾರಿಯ ಲೆಕ್ಕಕ್ಕೆ ಒಂದೂವರೆ ಕಿಲೋ ಬೀಳುತ್ತದೆ. ರಾಜ್ಯದಲ್ಲಿ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ, ಗಾಳಿಯಂತ್ರಗಳಿವೆ, ಶರಾವತಿಯ ಜಲವಿದ್ಯುತ್ ಇದೆ. ಎಲ್ಲ ಬೆರೆತು ತಂತಿಯಲ್ಲಿ ಬರುವ ಕರೆಂಟಿನ ಲೆಕ್ಕ ಹಿಡಿದರೂ ದೊಡ್ಡ ಲಾರಿಯ ಮಟ್ಟಿಗೆ ಹೆಚ್ಚೂಕಡಿಮೆ ಸಮಸಮ. ಊರೊಳಗಿನ ಹೊಗೆ ಮಸಿ ತಪ್ಪುತ್ತದೆ, ಅದು ಸಣ್ಣ ಲಾಭವೇನಲ್ಲ. ಆದರೆ ಇಂಗಾಲದ ಮಾತಿನಲ್ಲಿ ಹೊಗೆ ವಾಡಿ ಬಿಟ್ಟು ಶಕ್ತಿನಗರಕ್ಕೆ ಹೋಯಿತು ಅಷ್ಟೇ.

ಸ್ಕೂಟರಿನ ಕತೆ ಹೀಗಲ್ಲ ಎಂಬುದು ವಿಚಿತ್ರ. ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕಿ.ಮೀ. ಕೊಟ್ಟರೆ ಕಿ.ಮೀ.ಗೆ ಸುಮಾರು 50 ಗ್ರಾಂ. ಬ್ಯಾಟರಿ ಸ್ಕೂಟರು ನೂರು ಕಿ.ಮೀ.ಗೆ ಮೂರೂವರೆ ಯೂನಿಟ್ ತಿನ್ನುತ್ತದೆ; ಅಷ್ಟೂ ಕಲ್ಲಿದ್ದಲ ಕರೆಂಟೇ ಆದರೂ 35 ಗ್ರಾಂ. ಸಣ್ಣ ಪೆಟ್ರೋಲ್ ಎಂಜಿನ್ನು ಬಹಳ ಪೋಲು ಮಾಡುತ್ತದೆ, ದೊಡ್ಡ ಡೀಸೆಲ್ ಎಂಜಿನ್ನು ಅಷ್ಟು ಪೋಲು ಮಾಡುವುದಿಲ್ಲ. ವ್ಯತ್ಯಾಸದ ಗುಟ್ಟು ಅಲ್ಲಿದೆ. ಹಾಗಾಗಿ ಸ್ಕೂಟರು ಎಲ್ಲಿಯ ಕರೆಂಟಿನಿಂದ ಓಡಿದರೂ ಲಾಭ. ಲಾರಿಗೆ ಮಾತ್ರ ಬಿಸಿಲೇ ಬೇಕು.

ಬಿಸಿಲಿಗೆ ನಮ್ಮಲ್ಲಿ ಬರವೇ? ಮೇ ತಿಂಗಳ ಮಧ್ಯಾಹ್ನ ಸೇಡಂ ಬಸ್‌ ಸ್ಟ್ಯಾಂಡಿನಲ್ಲಿ ನಿಂತವರಿಗೆ ಇದನ್ನು ಹೇಳಬೇಕಾಗಿಲ್ಲ. ಒಂದು ಕಿಲೋವಾಟ್ ಸೌರ ಹಲಗೆ ಇಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿಗೆ ಮೋಸವಿಲ್ಲ. ದಿನಕ್ಕೆ 200 ಕಿ.ಮೀ. ಓಡುವ ಒಂದು ಲಾರಿಗೆ 300 ಯೂನಿಟ್ ಬೇಕು, ಅಂದರೆ ಎಪ್ಪತ್ತು ಎಪ್ಪತ್ತೈದು ಕಿಲೋವಾಟ್ ಹಲಗೆ. ಒಂದು ಮೆಗಾವಾಟಿಗೆ ನಾಲ್ಕೂವರೆ ಎಕರೆ ಎಂಬ ವಾಡಿಕೆಯ ಲೆಕ್ಕದಲ್ಲಿ ಅದಕ್ಕೆ ಬೇಕಾದ ಜಾಗ ಹದಿಮೂರು ಗುಂಟೆ. ಒಂದು ಲಾರಿಗೆ ಹದಿಮೂರು ಗುಂಟೆ! ರೈತರ ಎರೆ ಹೊಲ ಮುಟ್ಟಬೇಕಾದ ಅಗತ್ಯವೇ ಇಲ್ಲ. ಕಲ್ಲು ತೆಗೆದು ಬಿಟ್ಟ ಗಣಿಗಳ ಅಂಚು, ಮಣ್ಣಿನ ಗುಡ್ಡೆ, ಶಹಾಬಾದಿನ ಸುತ್ತ ಫರ್ಸಿ ತೆಗೆದು ನೀರು ನಿಂತ ಗುಂಡಿಗಳು, ಇವುಗಳಲ್ಲಿ ಏನೂ ಬೆಳೆಯುವುದಿಲ್ಲ. ನೂರು ಎಕರೆ ಇಂಥ ಪಾಳು ನೆಲ ಮುನ್ನೂರು ಲಾರಿ ಓಡಿಸುತ್ತದೆ. ಸಿಮೆಂಟ್ ಸುಡುವ ಗೂಡಿನಿಂದ ಹೊರಹೋಗುವ ಬಿಸಿಗಾಳಿಯಲ್ಲಿ ಕರೆಂಟ್ ತೆಗೆಯಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ತೆಗೆಯಬಹುದು, ಟನ್ ಕ್ಲಿಂಕರಿಗೆ ಮೂವತ್ತು ಯೂನಿಟ್ಟಿನ ಹತ್ತಿರ ಸಿಗುತ್ತದೆ. ಆದರೆ ಸಿಮೆಂಟ್ ಅರೆಯುವ ಗಿರಣಿಗಳೇ ಅದನ್ನು ನುಂಗಿ ಇನ್ನಷ್ಟು ಕೇಳುತ್ತವೆ. ಲಾರಿಗೆ ಉಳಿಯುವುದಿಲ್ಲ. ಸೌರ ಹಲಗೆಗೂ ಇಲ್ಲಿ ಒಂದು ಕಾಟವಿದೆ: ಸಿಮೆಂಟಿನ ದೂಳು ಕೂತು, ಅದಕ್ಕೆ ಬೆಳಗಿನ ಇಬ್ಬನಿ ತಾಗಿದರೆ ಗಾಜಿನ ಮೇಲೆ ಗಟ್ಟಿಗಟ್ಟುತ್ತದೆ. ಒರೆಸುವ ಕೆಲಸಕ್ಕೆ ಜನ ಬೇಕು, ನೀರು ಬೇಕು. ಪಾವಗಡದ ಲೆಕ್ಕವನ್ನು ಹಾಗೇ ಎತ್ತಿ ಮಳಖೇಡಕ್ಕೆ ಅಂಟಿಸಲಾಗದು.

ಇನ್ನು ಎಥೆನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ಕ್ಕೆ ಅದು ದೇಶದ ಬಂಕುಗಳಲ್ಲಿ ಮಾಮೂಲಾಯಿತು. ಕೇಳಿದರೂ ಕೇಳದಿದ್ದರೂ ನಮ್ಮ ಗಾಡಿಗೆ ಬೀಳುವುದು ಅದೇ. ಲೀಟರ್ ಎಥೆನಾಲಿನಲ್ಲಿ ಲೀಟರ್ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ಗಾಡಿಗಳ ರಬ್ಬರ್ ಕೊಳವೆಗೂ ಅದು ಹಿಡಿಸುವುದಿಲ್ಲ. ಮೆಕ್ಯಾನಿಕ್ಕುಗಳ ಗೊಣಗಾಟ ಪೂರ್ತಿ ಸುಳ್ಳಲ್ಲ.

ಎಥೆನಾಲ್ ನಮಗೆ ದೂರದ ಸಂಗತಿಯೂ ಅಲ್ಲ. ಬಹುಕಾಲ ಬಾಗಿಲು ಮುಚ್ಚಿದ್ದ ಚಿಂಚೋಳಿಯ ಸಕ್ಕರೆ ಕಾರ್ಖಾನೆಯನ್ನು ವಿಜಯಪುರದ ಸಿದ್ಧಸಿರಿ ಸೌಹಾರ್ದ ಸಹಕಾರಿ ತೆಗೆದುಕೊಂಡು ಅಲ್ಲಿ ಎಥೆನಾಲ್ ಮತ್ತು ವಿದ್ಯುತ್ ಘಟಕ ಕಟ್ಟಿತು. 2024ರ ಜನವರಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಲು ಆದೇಶಿಸಿತು, ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು, ರಾಜಕೀಯವೂ ಬೆರೆಯಿತು. ಯಾರದ್ದು ಸರಿ ಎಂಬ ಜಗಳದಲ್ಲಿ ಕಬ್ಬು ಬೆಳೆದವರು ನಡುವೆ ಸಿಕ್ಕಿಕೊಂಡರು. ಆ ಜಗಳ ಒತ್ತಟ್ಟಿಗಿರಲಿ, ಯಾರೂ ಕೇಳದ ಪ್ರಶ್ನೆ ನೀರಿನದು. ನೀತಿ ಆಯೋಗದ ಎಥೆನಾಲ್ ವರದಿಯೇ ಹೇಳುವಂತೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕು. ತೊಗರಿ ಮಳೆಯಲ್ಲೇ ಬೆಳೆಯುವ ಸೀಮೆ ಇದು. ಚಂದ್ರಂಪಳ್ಳಿ, ನಾಗರಾಳ ಜಲಾಶಯಗಳ ಕೆಳಗಿನ ಒಂದಿಷ್ಟು ನೆಲ ಬಿಟ್ಟರೆ ಕಬ್ಬಿಗೆ ಕುಡಿಸುವ ನೀರು ಎಲ್ಲಿದೆ?

ನೆಲದ ಲೆಕ್ಕ ಇನ್ನೂ ಬೆರಗಿನದು. ಎಕರೆಗೆ 35 ಟನ್ ಕಬ್ಬು, ಟನ್ನಿಗೆ 70 ಲೀಟರ್ ಎಥೆನಾಲ್. ಒಟ್ಟು 2,450 ಲೀಟರ್. ಪೆಟ್ರೋಲಿಗೆ ಹೋಲಿಸಿದರೆ 1,600 ಲೀಟರಿನ ಬಲ. ಇಷ್ಟರಲ್ಲಿ ಒಂದು ಸ್ಕೂಟರು 72 ಸಾವಿರ ಕಿ.ಮೀ. ಓಡುತ್ತದೆ. ಅದೇ ಎಕರೆಯಲ್ಲಿ ಸೌರ ಹಲಗೆ ಹಾಸಿದರೆ ವರ್ಷಕ್ಕೆ ಮೂರು ಲಕ್ಷದ ಮೇಲೆ ಯೂನಿಟ್; ಬ್ಯಾಟರಿ ಸ್ಕೂಟರಿನ ಲೆಕ್ಕದಲ್ಲಿ ತೊಂಬತ್ತು ಲಕ್ಷ ಕಿ.ಮೀ. ನೂರು ಪಟ್ಟಿಗೂ ಹೆಚ್ಚು. ಕಬ್ಬಿನ ಸಿಪ್ಪೆ ಉರಿಸಿ ಕರೆಂಟೂ ತೆಗೆಯುತ್ತಾರೆ, ಹಲಗೆಗೆ ದೊಡ್ಡ ಬಂಡವಾಳ ಬೇಕು, ರಾತ್ರಿ ಅದು ದುಡಿಯುವುದಿಲ್ಲ ಎಂಬ ತಕರಾರುಗಳನ್ನೆಲ್ಲ ಒಪ್ಪಿಕೊಂಡರೂ ಈ ಅಂತರ ತುಂಬುವಂಥದ್ದಲ್ಲ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದಲೋ, ತಿನ್ನಲು ಬಾರದ ಕಾಳಿನಿಂದಲೋ ಎಥೆನಾಲ್ ಮಾಡಿದರೆ ಆಕ್ಷೇಪವಿಲ್ಲ. ಅದಕ್ಕೆಂದೇ ಬರಸೀಮೆಯಲ್ಲಿ ಕಬ್ಬು ನೆಡುವುದು ನನಗಂತೂ ಒಪ್ಪದ ಮಾತು. ಅಲ್ಲದೆ ಎಥೆನಾಲ್ ಪೆಟ್ರೋಲಿನ ಗೆಳೆಯ, ಡೀಸೆಲಿನ ಜೊತೆ ಅದು ಸುಲಭಕ್ಕೆ ಬೆರೆಯುವುದಿಲ್ಲ. ಎರಡು ದಶಕದ ಹಿಂದೆ ಕೆಎಸ್‌ಆರ್‌ಟಿಸಿ ಶೇ. 7.7 ಎಥೆನಾಲ್ ಬೆರೆಸಿದ ಡೀಸೆಲಿನಲ್ಲಿ ಬಸ್ಸು ಓಡಿಸಿ ನೋಡಿತ್ತು; ಆ ಹಾದಿ ಮುಂದುವರಿಯಲಿಲ್ಲ. ಅಂದರೆ ನಮ್ಮ ಲಾರಿಗಳಿಗೆ ಎಥೆನಾಲಿನಿಂದ ಕವಡೆಯ ಉಪಯೋಗವಿಲ್ಲ.

ಡೀಸೆಲಿನ ಜಾಗದಲ್ಲಿ ಕೂರಬಲ್ಲದ್ದು ಎಣ್ಣೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಹೊಂಗೆ, ಅಂದರೆ ನಮ್ಮ ಹಳ್ಳದ ದಂಡೆಯ ಹುಲಗಲ, ಆ ಕೆಲಸಕ್ಕೆ ತಕ್ಕ ಮರ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತೊಂಬತ್ತರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿಯಲ್ಲಿ ಹೊಂಗೆಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿಸಿದರು. 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿಯನ್ನೇ ತಂದಿತು, ಹಾಸನದ ಮಡೆನೂರಿನಲ್ಲಿ ಪಾರ್ಕ್ ಆಯಿತು. ಆದರೆ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಮರ ಕೈಗೆ ಬರಲು ಐದಾರು ವರ್ಷ. ಬೀಜ ಆರಿಸುವ ಕೂಲಿಯೂ ಗಿಟ್ಟದ ಬೆಲೆ. ಜಟ್ರೋಫಾ ನೆಟ್ಟವರಂತೂ ಕೈ ಸುಟ್ಟುಕೊಂಡರು. ಹೊಲದ ಬದುವಿನಲ್ಲಿ ನಾಲ್ಕು ಮರ ಇದ್ದರೆ ಪಂಪ್‌ಸೆಟ್ಟಿಗೆ ಎಣ್ಣೆ, ಹೊಲಕ್ಕೆ ಹಿಂಡಿ. ಅದಕ್ಕಿಂತ ದೊಡ್ಡ ಕನಸನ್ನು ಆ ಮರದ ತಲೆಗೆ ಕಟ್ಟಬಾರದು.

ತೊಗರಿ ಕಟ್ಟಿಗೆಯ ಮಾತು ಬೇರೆ. ಭೌಗೋಳಿಕ ಗುರುತಿನ ಹಿರಿಮೆ 2019ರಲ್ಲಿ ಬಂದ ನಮ್ಮ ತೊಗರಿ ಜಿಲ್ಲೆಯಲ್ಲಿ ಐದು ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದೆ. ರಾಶಿ ಮುಗಿದ ಮೇಲೆ ಒಂದಿಷ್ಟು ಕಟ್ಟಿಗೆ ಒಲೆಗೆ, ಒಂದಿಷ್ಟು ಬೇಲಿಗೆ. ಮಿಕ್ಕದ್ದಕ್ಕೆ ಹೊಲದಲ್ಲೇ ಬೆಂಕಿ. ಕಟ್ಟಿಗೆಯಿಂದ ವಾಹನ ಓಡಿಸುವುದು ಹೊಸ ವಿದ್ಯೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಹಿಂಭಾಗಕ್ಕೆ ಇದ್ದಿಲ ಒಲೆ ಕಟ್ಟಿ, ಅರೆಬೆಂದ ಹೊಗೆಯ ಅನಿಲವನ್ನು ಎಂಜಿನ್ನಿಗೆ ಊಡಿ ಓಡಿಸಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಿತ್ತೆಂದು ಕರಾವಳಿ, ಮಲೆನಾಡಿನ ಹಿರಿಯರು ನೆನೆಯುತ್ತಿದ್ದರು. ಯುದ್ಧ ಮುಗಿಯಿತು, ಒಲೆಯೂ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ತೊಗರಿ ಕಟ್ಟಿಗೆಗೆ ತಕ್ಕ ಜಾಗ ಗಾಡಿಯ ಎಂಜಿನ್ನಲ್ಲ, ಸಿಮೆಂಟಿನ ಗೂಡು. ಅಲ್ಲಿ ಈಗ ಉರಿಯುವುದು ರೈಲಿನಲ್ಲಿ ಬಂದ ಕಲ್ಲಿದ್ದಲು. ಪುಡಿ ಮಾಡಿ ಒತ್ತಿ ಇಟ್ಟಿಗೆ ಮಾಡಿದರೆ ಕಟ್ಟಿಗೆಯ ಶಕ್ತಿ ಹೆಚ್ಚು ನಷ್ಟವಿಲ್ಲದೆ ಗೂಡಿಗೆ ಸಿಗುತ್ತದೆ, ರೈತನಿಗೆ ನಾಲ್ಕು ಕಾಸು ಬರುತ್ತದೆ. ಗೂಡಿಗೆ ಕಟ್ಟಿಗೆ, ಗಾಡಿಗೆ ಬಿಸಿಲು. ಹಂಚಿಕೆ ಹೀಗಿರಬೇಕು.

ಸಿಎನ್‌ಜಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಗೆ ಕಡಿಮೆ, ನಿಜ. ಆದರೆ ಅದೂ ನೆಲದಡಿಯಿಂದ ತೆಗೆದದ್ದೇ, ಅರ್ಧದ ಹತ್ತಿರ ಹೊರದೇಶದ್ದು. ಸಗಣಿ, ಕಸ, ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ ಮಾಡಿದ ಗ್ಯಾಸಾದರೆ ಸ್ವಾಗತ. ಹೈಡ್ರೋಜನ್ನಿನ ಕನಸುಗಾರರಿಗೆ ಒಂದೇ ಲೆಕ್ಕ: ಒಂದು ಕಿಲೋ ಹೈಡ್ರೋಜನ್ನಿಗೆ ಐವತ್ತೈದು ಯೂನಿಟ್ ಕರೆಂಟು ಸುರಿಯಬೇಕು, ವಾಹನದಲ್ಲಿ ಅದು ಮರಳಿ ಕೊಡುವುದು ಹದಿನೈದು ಹದಿನೇಳು ಯೂನಿಟ್. ಬ್ಯಾಟರಿಯಲ್ಲಾದರೆ ಐವತ್ತೈದಕ್ಕೆ ನಲವತ್ತರ ಮೇಲೆ ಸಿಗುತ್ತದೆ. ಎಂದೋ ಒಂದು ದಿನ ಅದು ಉಕ್ಕಿನ ಕಾರ್ಖಾನೆಗೆ ಬೇಕಾದೀತು. ನಮ್ಮ ಲಾರಿಗೆ ಅಷ್ಟು ದುಬಾರಿ ಚಟ ಬೇಡ.

ಟ್ರ್ಯಾಕ್ಟರಿಗೆ ಸದ್ಯ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ವಿದ್ಯುತ್ ಟ್ರ್ಯಾಕ್ಟರು ಮಾರುಕಟ್ಟೆಗೆ 2020ರಲ್ಲೇ ಬಂದಿದೆ, ತೋಟದೊಳಗೆ ಔಷಧಿ ಹೊಡೆಯಲು, ಟ್ರಾಲಿ ಎಳೆಯಲು ಸಾಕು. ಆದರೆ ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆ ಮಣ್ಣಿಗೆ ನೇಗಿಲು ಇಳಿಸಿದರೆ ತಾಸಿಗೆ ಐದಾರು ಲೀಟರ್ ಡೀಸೆಲ್ ಹೋಗುತ್ತದೆ. ಎಂಟು ತಾಸಿನ ಉಳುಮೆಗೆ ಬೇಕಾದ ಬ್ಯಾಟರಿ ಹೊತ್ತರೆ ಟ್ರ್ಯಾಕ್ಟರಿನ ಭಾರಕ್ಕೆ ಹೊಲವೇ ಕುಗ್ಗೀತು. ಅಲ್ಲಿ ಡೀಸೆಲ್ ಇನ್ನೂ ಸ್ವಲ್ಪ ಕಾಲ ಇರಲಿ.

ಜನ ಓಡಾಡುವ ಗಾಡಿಗಳಲ್ಲಿ ಮಾತ್ರ ಕಾಯಲು ಕಾರಣವೇ ಇಲ್ಲ. ಸನ್ನತಿಯನ್ನೇ ತೆಗೆದುಕೊಳ್ಳಿ. ಚಂದ್ರಲಾಂಬೆಯ ದರ್ಶನಕ್ಕೆ ಬರುವವರು, ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ನೋಡಲು ಬರುವವರು ರೈಲಿನಲ್ಲಾದರೆ ನಾಲವಾರದಲ್ಲಿ ಇಳಿಯುತ್ತಾರೆ. ಅಲ್ಲಿಂದ ಇಪ್ಪತ್ತು ಕಿ.ಮೀ. ಆಸುಪಾಸು. ನಾಲವಾರದ ತನಕ ಕರೆಂಟಿನ ರೈಲಿನಲ್ಲಿ ಬಂದವರು ಮುಂದೆ ಡೀಸೆಲ್ ಟಂಟಂ ಆಟೊ ಹತ್ತಿ ಹೊಗೆ ಕುಡಿಯುತ್ತಾರೆ. ಹಾದಿ ಗೊತ್ತು, ದೂರ ಗೊತ್ತು, ಊರಿಗೆ ಮುಟ್ಟಿದ ಮೇಲೆ ಜನ ತುಂಬುವ ತನಕ ಗಾಡಿ ನಿಲ್ಲುವುದೂ ಗೊತ್ತು. ಬ್ಯಾಟರಿ ಟಂಟಂಗೆ ಇದಕ್ಕಿಂತ ಹದವಾದ ಹಾದಿ ಸಿಗದು. ಸ್ತೂಪದ ಹತ್ತಿರ ನೆರಳಿಗಾಗಿ ಒಂದು ಸೌರ ಚಪ್ಪರ ಹಾಕಿದರೆ ಹತ್ತು ಗಾಡಿಯ ಹೊಟ್ಟೆ ತುಂಬುತ್ತದೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸುಗಳದ್ದೂ ಇದೇ ಮಾತು. ಚಿತ್ತಾಪುರ, ಸೇಡಂ, ಚಿಂಚೋಳಿ ಡಿಪೋಗಳಿಂದ ಕಲಬುರಗಿ ನೂರು ಕಿ.ಮೀ.ಗೂ ಒಳಗೆ. ಒಂದು ಸಲ ಚಾರ್ಜ್ ಮಾಡಿದರೆ 200 ಕಿ.ಮೀ. ಓಡುವ ಬಸ್ಸಿಗೆ ಹೋಗಿ ಬರಲು ಧಾರಾಳ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ತುಳುಕುತ್ತಿದೆ, ಡೀಸೆಲ್ ಬಿಲ್ಲು ನಿಗಮವನ್ನು ಹಿಂಡುತ್ತಿದೆ. ನಲವತ್ತನಾಲ್ಕು ಡಿಗ್ರಿ ಬಿಸಿಲಿಗೆ ಬ್ಯಾಟರಿ ಬೇಗ ಸವೆಯುತ್ತದೆ ಎಂಬ ಅಂಜಿಕೆಗೆ ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ ಸಾಕಷ್ಟು ಉತ್ತರ. ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿ ಚಾರ್ಜ್ ಮಾಡದೆ ನೆರಳಿನಲ್ಲಿ ಮಾಡಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದರೆ, ಹಣ ನಮ್ಮ ನೆಲದಲ್ಲೇ ಇದೆ. ಸುಣ್ಣಕಲ್ಲಿಗೆ ಟನ್ನಿಗೆ 80 ರೂ. ರಾಜಧನ. 2015ರ ಜನವರಿ 12ಕ್ಕೆ ಮುಂಚೆ ಕೊಟ್ಟ ಗಣಿ ಗುತ್ತಿಗೆಯಾದರೆ ಅದರ ಮೇಲೆ ಶೇ. 30, ಅಂದರೆ ಟನ್ನಿಗೆ 24 ರೂ.; ಹರಾಜಿನಲ್ಲಿ ಕೊಟ್ಟದ್ದಾದರೆ ಶೇ. 10, ಟನ್ನಿಗೆ 8 ರೂ. ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರಬೇಕು. ಗಣಿಯಿಂದ ನೊಂದ ಊರುಗಳಿಗೇ ಖರ್ಚಾಗಬೇಕಾದ ಹಣ ಅದು, ಮಾಲಿನ್ಯ ತಡೆ ಅದರ ಆದ್ಯತೆಯ ಬಾಬು. ಸಮುದಾಯ ಭವನ, ಕಾಂಪೌಂಡ್ ಗೋಡೆ, ಸಿಸಿ ರಸ್ತೆಗೆ ಅದನ್ನು ಸುರಿಯುವ ಬದಲು ಒಂಟಿ ಲಾರಿಯ ಮಾಲೀಕರ ಸಹಕಾರ ಸಂಘಕ್ಕೆ ವಿದ್ಯುತ್ ಲಾರಿಯ ಮುಂಗಡದಲ್ಲಿ ಪಾಲು ಕೊಡಲಿ, ನಾಲವಾರ–ಸನ್ನತಿಯ ಟಂಟಂನವರಿಗೆ ಬ್ಯಾಟರಿ ಗಾಡಿ ಕೊಡಿಸಲಿ. ಕಾರ್ಖಾನೆಗಳು ತಮ್ಮ ಯಾರ್ಡಿನಲ್ಲಿ ಸೌರ ಚಾರ್ಜರು ನಿಲ್ಲಿಸಲಿ. ವಿಸ್ತರಣೆಗೆ ಪರಿಸರ ಅನುಮತಿ ಕೇಳಿ ಬಂದಾಗ ನಡೆಯುವ ಸಾರ್ವಜನಿಕ ವಿಚಾರಣೆಯಲ್ಲಿ ಇದನ್ನೇ ಷರತ್ತಾಗಿ ಕೇಳಬಹುದು. ಅಂಥ ವಿಚಾರಣೆಗಳಲ್ಲಿ ನಮ್ಮವರು ಇಷ್ಟು ದಿನ ಕೇಳಿದ್ದು ಕೆಲಸ, ದೂಳಿಗೆ ಪರಿಹಾರ, ಕುಡಿಯುವ ನೀರು. ಎಲ್ಲವೂ ನ್ಯಾಯವೇ. ಮುಂದಿನ ಸಲ ಮನವಿಪತ್ರ ಬರೆಯುವಾಗ ಲಾರಿಯ ಚಾರ್ಜರಿನದೂ ಒಂದು ಸಾಲು ಸೇರಿಸಿ, ಸಹಿ ಹಾಕಿಸಿ, ಸ್ವೀಕೃತಿ ಪಡೆದು ಬನ್ನಿ.